ಆ ನಾಲ್ಕು ದಿನದ ಬಗ್ಗೆ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ಆನ್‌ಲೈನ್ ಅಂಗಡಿಯವನು ಅಂತ ಫೋನ್ ಮಾಡಿದ ಮೋಸಗಾರನ ಕೈಗೆ ನಿನ್ನ ದುಡ್ಡು ಹೋಗಿದ್ದು ಕೇಳಿ ಬೇಜಾರಾಗಲಿಲ್ಲ ಅಂತ ಹೇಳಲಾರೆ. ಮೊದಲ ಕೆಲಸ, ಮೊದಲ ಉಳಿತಾಯ. ಆದರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ದುಡ್ಡು ಹೋದ ದಿನಕ್ಕೂ ನೀನು ಬಾಯಿ ಬಿಟ್ಟ ದಿನಕ್ಕೂ ಮಧ್ಯೆ ನಾಲ್ಕು ದಿನ ಇತ್ತಲ್ಲ, ಅದು. ಅದರಲ್ಲಿ ಒಂದು ಸಂಜೆ ನಾವಿಬ್ಬರೂ ಫೋನಲ್ಲಿ ಮಾತಾಡಿದ್ದೆವು. "ಯಾಕೋ ಸುಸ್ತು ಅತ್ತೆ" ಅಂದಿದ್ದೆ. ಕೆಲಸ ಜಾಸ್ತಿ ಇರಬೇಕು ಅಂದುಕೊಂಡು, ಬೇಗ ಮಲಗು ಅಂತ ಹೇಳಿ ಫೋನ್ ಇಟ್ಟುಬಿಟ್ಟೆ.

ಬೈಯುವುದಕ್ಕೆ ಬರೆಯುತ್ತಿಲ್ಲ. ಫೋನಲ್ಲಿ ಹೇಳಿದರೆ ನೀನು "ಸರಿ ಅತ್ತೆ, ಸರಿ ಅತ್ತೆ" ಅಂತ ಮುಗಿಸಿಬಿಡುತ್ತೀಯ. ಕಾಗದವಾದರೆ ಎರಡು ಸಲ ಓದಬಹುದು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಎಷ್ಟು ವರ್ಷ ಕೂತವಳು ಅಂತ ನಿನಗೆ ಗೊತ್ತು. ಆದರೆ ಅಲ್ಲಿ ನಡೆದ ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ರಿಟೈರ್ ಆಗುವ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ ವಯಸ್ಸಾದ ಒಬ್ಬರು ಬಂದರು. ಪರಿಚಯದ ಮುಖ. ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು, ಎರಡು ಮಾತಾಡಿ ಹೋಗುವವರು. ಅವತ್ತು ಮಾತಿಲ್ಲ. ಡೆಪಾಸಿಟ್ ಮುರಿಸಬೇಕು, ಹಣವನ್ನು ಒಂದು ಖಾತೆಗೆ ಕಳಿಸಬೇಕು ಅಂದರು. ಯಾಕೆ ಸಾರ್ ಅಂದೆ. "ಮನೆ ರಿಪೇರಿ" ಅಂದರು. ಅಂಗಿ ಜೇಬಿನಲ್ಲಿ ಫೋನ್ ಇತ್ತು. ತೆಳು ಬಟ್ಟೆಯೊಳಗಿಂದ ಸ್ಕ್ರೀನಿನ ಬೆಳಕು ಕಾಣುತ್ತಿತ್ತು. ಸಹಿ ಹಾಕುವಾಗ ಕೈ ನಡುಗಿ, ಇನಿಷಿಯಲ್ಲನ್ನು ಎರಡು ಸಲ ಬರೆದರು. ಅವರ ಹಿಂದೆ ಕ್ಯೂ ಬೆಳೆದಿತ್ತು. ನಾನು ಎರಡನೇ ಸಲ ಕೇಳಲಿಲ್ಲ.

ವಾರ ಕಳೆದ ಮೇಲೆ ಮಗನ ಜೊತೆ ಬಂದರು. ಆನ್‌ಲೈನ್ ಅಂಗಡಿಯವರು ಅಂತ ಹೇಳಿಕೊಂಡು ಒಬ್ಬ ಫೋನ್ ಮಾಡಿದ್ದನಂತೆ. ನಿಮ್ಮ ಹೆಸರಲ್ಲಿ ಯಾರೋ ಏನೇನೋ ಆರ್ಡರ್ ಮಾಡಿದ್ದಾರೆ, ತನಿಖೆ ನಡೆಯುತ್ತಿದೆ, ಮುಗಿಯುವ ತನಕ ಹಣವನ್ನು ಸುರಕ್ಷಿತ ಖಾತೆಗೆ ಹಾಕಿ ಅಂದಿದ್ದನಂತೆ. ಬ್ಯಾಂಕಿನವರೂ ಇದರಲ್ಲಿ ಶಾಮೀಲಾಗಿರಬಹುದು, ಕೇಳಿದರೆ ಮನೆ ರಿಪೇರಿ ಅನ್ನಿ, ಲೈನ್ ಮಾತ್ರ ಕಟ್ ಮಾಡಬೇಡಿ ಅಂತಲೂ ಹೇಳಿಕೊಟ್ಟಿದ್ದ. ಅಂದರೆ ಅವತ್ತು ನಮ್ಮಿಬ್ಬರ ಮಾತನ್ನು ಅವನು ಜೇಬಿನಲ್ಲಿ ಕೂತು ಕೇಳುತ್ತಿದ್ದ. ಗಾಜಿನ ಈಚೆ ಒಂದು ಮೊಳ ದೂರದಲ್ಲಿ ನಾನಿದ್ದೆ. ಅವರು ನನ್ನನ್ನು ನಂಬಲಿಲ್ಲ, ಅವನನ್ನು ನಂಬಿದರು. ಆ ಇನಿಷಿಯಲ್ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನಿನ್ನ ಕಥೆ ಕೇಳಿದಾಗ ಮೊದಲು ನೆನಪಾಗಿದ್ದು ಅವರೇ. ನಿನಗೂ ಆ ಫೋನ್ ಮಾಡಿದವನು "ಲೈನಲ್ಲೇ ಇರಿ, ಯಾರಿಗೂ ಹೇಳಬೇಡಿ" ಅಂದಿದ್ದನಂತೆ, ಅಲ್ವಾ? ವಯಸ್ಸು ಬೇರೆ, ಓದು ಬೇರೆ, ಮಾತು ಮಾತ್ರ ಒಂದೇ. ಯಾಕೆ ಅಂದರೆ ಆ ಮಾತೇ ಈ ಮೋಸಗಾರರ ಬಂಡವಾಳ. ಪಕ್ಕದಲ್ಲಿ ಇನ್ನೊಬ್ಬರು ಇದ್ದು "ಒಂದು ನಿಮಿಷ ತಾಳು, ಏನದು?" ಅಂದರೆ ಸಾಕು, ಅವರ ಆಟ ಅಲ್ಲಿಗೆ ನಿಂತುಹೋಗುತ್ತದೆ. ಅದಕ್ಕೇ ಅವರು ಮೊದಲು ಕದಿಯುವುದು ಆ ಇನ್ನೊಬ್ಬರನ್ನು. ದುಡ್ಡು ಆಮೇಲೆ.

"ನಾನು ಆರ್ಡರ್ ಮಾಡಿದ್ದು ಅವರಿಗೆ ಹೇಗೆ ಗೊತ್ತಾಯಿತು?" ಅಂತ ನಿನ್ನಮ್ಮನ ಹತ್ತಿರ ಪದೇ ಪದೇ ಕೇಳಿದೆಯಂತೆ. ಅವರಿಗೆ ಗೊತ್ತೇ ಇರಲಿಲ್ಲ ಪುಟ್ಟಿ. ಅಮೆಜಾನ್‌ನಂಥ ದೊಡ್ಡ ಹೆಸರು ಹೇಳಿದರೆ, ಎಲ್ಲಿ ಯಾರಿಗೆ ಫೋನ್ ಮಾಡಿದರೂ ಅವರದ್ದೊಂದು ಪಾರ್ಸೆಲ್ ದಾರಿಯಲ್ಲಿರುತ್ತದೆ, ಇಲ್ಲವೇ ಕಳೆದ ವಾರ ಬಂದಿರುತ್ತದೆ. ಕತ್ತಲಲ್ಲಿ ಹೊಡೆದ ಕಲ್ಲು. ನಿನಗೆ ಬಡಿಯಿತು. ಅಮೆರಿಕದಲ್ಲಿ ಗ್ರಾಹಕರ ದೂರು ತೆಗೆದುಕೊಳ್ಳುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ಲೆಕ್ಕ ಕೊಟ್ಟಿತ್ತು. 2020ರ ಜುಲೈಯಿಂದ 2021ರ ಜೂನ್‌ವರೆಗಿನ ಒಂದು ವರ್ಷದ್ದು. ಕಂಪನಿಗಳ ಸೋಗು ಹಾಕಿದವರ ಮೇಲೆ ಅಲ್ಲಿ ದೂರು ಕೊಟ್ಟ ಮೂವರಲ್ಲಿ ಸುಮಾರು ಒಬ್ಬರು ಅಮೆಜಾನ್ ಹೆಸರು ಹೇಳಿದ್ದರು. ಹಾಗೆ ದೂರು ಕೊಟ್ಟವರು ಸುಮಾರು 96,000 ಜನ. ದುಡ್ಡು ಕಳೆದುಕೊಂಡವರು ಅದರಲ್ಲಿ 6,000ದ ಹತ್ತಿರ. ಹದಿನೈದು ಇಪ್ಪತ್ತು ಕಲ್ಲು ಬೀಸಿ ಒಂದು ಬಡಿದರೂ ಅವರಿಗೆ ಹೊಟ್ಟೆ ತುಂಬುತ್ತದೆ. ನಿನ್ನ ಹೆಸರು, ನಂಬರು ಗೊತ್ತಿದ್ದರೂ ಅದು ದೊಡ್ಡ ವಿಷಯವಲ್ಲ. ಅವು ಎಷ್ಟೋ ಕಡೆಯಿಂದ ಸೋರಿ ಹೋಗಿರುತ್ತವೆ.

ಸ್ಕ್ರೀನಿನ ಮೇಲೆ ಕಂಪನಿಯ ಹೆಸರೇ ಬಂತು ಅಂದೆಯಂತೆ. ಬರುತ್ತದೆ. ಕರೆ ಮಾಡುವವನು ತೋರಿಸುವ ನಂಬರನ್ನೂ ಹೆಸರನ್ನೂ ಬದಲಿಸುವ ಉಪಾಯಗಳಿವೆ. ಮೆಸೇಜಿನದು ಇನ್ನೂ ಕೆಟ್ಟದ್ದು. ಕಳಿಸಿದವರ ಹೆಸರು ಒಂದೇ ಥರ ಇದ್ದರೆ, ನಿಜವಾದ ಕಂಪನಿಯ ಹಳೇ ಮೆಸೇಜುಗಳ ಕೆಳಗೇ ಸುಳ್ಳು ಮೆಸೇಜು ಬಂದು ಕೂರುತ್ತದೆ. ಮೇಲಿನ ಹತ್ತು ನಿಜ ಅಂತ ಹನ್ನೊಂದನೆಯದನ್ನೂ ನಂಬುತ್ತೇವೆ. ಈ ಮೋಸಕ್ಕೆ ನಾನೂ ಬಿದ್ದೇನು, ಯಾರೂ ಬಿದ್ದಾರು.

ಲಿಂಕಿನ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ಮಾತು. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ (/) ಎಲ್ಲಿದೆಯೋ ಅಲ್ಲಿ ಬೆರಳಿಟ್ಟು, ಅಲ್ಲಿಂದ ಹಿಂದಕ್ಕೆ ಓದು. ಅದಕ್ಕೆ ಅಂಟಿಕೊಂಡಿರುವ ಹೆಸರೇ ಆ ಪುಟದ ಒಡೆಯನದು. ಅದರ ಎಡಕ್ಕೆ ಅಮೆಜಾನ್ ಅಂತ ಹತ್ತು ಸಲ ಬರೆದಿದ್ದರೂ ಅದು ಬಾಗಿಲಿಗೆ ತೂಗುಹಾಕಿದ ಬೋರ್ಡ್ ಅಷ್ಟೇ. ಇಂಗ್ಲಿಷಿನ ಸಣ್ಣ ಆರ್ ಪಕ್ಕ ಸಣ್ಣ ಎನ್ ಒತ್ತಿ ಇಟ್ಟರೆ ಥೇಟ್ ಎಮ್ ಥರ ಕಾಣುತ್ತದೆ. ನಾನು ಕನ್ನಡಕ ಹಾಕಿಕೊಂಡು ನೋಡಿದರೂ ವ್ಯತ್ಯಾಸ ತಿಳಿಯಲಿಲ್ಲ. ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಅದನ್ನು ನೋಡಿ ಸಮಾಧಾನ ಪಡಬೇಡ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಅಂತ ಮಾತ್ರ ಆ ಬೀಗ ಹೇಳುತ್ತದೆ. ಆ ತುದಿಯಲ್ಲಿ ಕೂತವನು ಯಾರು ಅಂತ ಹೇಳುವುದಿಲ್ಲ.

ಈಗ ಓಟಿಪಿ. "ಆರ್ಡರ್ ಕ್ಯಾನ್ಸಲ್ ಮಾಡಲು ಒಂದು ಕೋಡ್ ಬರುತ್ತದೆ, ಓದಿ ಹೇಳಿ" ಅಂದ, ನೀನು ಓದಿದೆ. ಪಾರ್ಸೆಲ್ ತಂದು ಬಾಗಿಲಲ್ಲಿ ನಿಂತವರಿಗೆ ಕೆಲವೊಮ್ಮೆ ಕೋಡ್ ಹೇಳಬೇಕಾಗುತ್ತದೆ, ಅದಕ್ಕೇ ಕೋಡ್ ಹೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಅದು ವಸ್ತು ಕಣ್ಣೆದುರು ಇದ್ದಾಗ ಹೇಳುವ ಕೋಡ್. ಫೋನಲ್ಲಿ ಕೇಳುವುದು ನಿನ್ನ ಖಾತೆಯ ಬೀಗದ ಕೈ. ಕೋಡ್ ಬಂದ ಮೆಸೇಜನ್ನು ಪೂರ್ತಿ ಓದು ಪುಟ್ಟಿ. ಬರೀ ಅಂಕಿ ನೋಡಬೇಡ. ಲಾಗಿನ್‌ಗೆ ಅಂತಲೋ, ಹಣ ಪಾವತಿಗೆ ಅಂತಲೋ ಹೆಚ್ಚಾಗಿ ಅದರಲ್ಲೇ ಬರೆದಿರುತ್ತದೆ. ನಿನ್ನ ಮೆಸೇಜನ್ನು ನಿನ್ನಮ್ಮ ನನಗೆ ಓದಿ ಹೇಳಿದಳು. ಅದರಲ್ಲಿ ಕ್ಯಾನ್ಸಲ್ ಅನ್ನುವ ಪದವೇ ಇರಲಿಲ್ಲ.

ಆಮೇಲೆ ಅವನು ಹಾಕಿಸಿದ ಆ್ಯಪ್. ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥವು ಕೆಟ್ಟ ಆ್ಯಪ್‌ಗಳಲ್ಲ. ದೂರದಲ್ಲಿ ಕೂತು ಇನ್ನೊಬ್ಬರ ಕಂಪ್ಯೂಟರ್ ಸರಿ ಮಾಡುವುದಕ್ಕೆ ಅವು ಬೇಕು. ಆದರೆ ಗೊತ್ತಿಲ್ಲದವನಿಗೆ ಅದನ್ನು ತೆರೆದುಕೊಟ್ಟರೆ ಮನೆಯ ಬೀಗದ ಕೈ ಕೊಟ್ಟು ಅಲ್ಮೇರಾದ ದಾರಿ ತೋರಿಸಿದ ಹಾಗೆ. ಇದರಲ್ಲಿ ಒಂದು ಆಟ ಇದೆ, ನಿನಗೆ ಬಂದಿಲ್ಲ, ಮುಂದೆ ಬರಬಹುದು. ರೀಫಂಡ್ ಹಾಕುತ್ತೇವೆ ಅಂತ ಶುರು ಮಾಡುತ್ತಾರೆ. ನಿನ್ನ ಬ್ಯಾಂಕಿನ ಪುಟ ತೆರೆಸುತ್ತಾರೆ. ನೋಡುತ್ತಿದ್ದ ಹಾಗೆ ಬ್ಯಾಲೆನ್ಸ್ ಏರುತ್ತದೆ, ಹೇಳಿದ್ದಕ್ಕಿಂತ ಹತ್ತು ಪಟ್ಟು. "ಅಯ್ಯೋ ಸೊನ್ನೆ ಒಂದು ಜಾಸ್ತಿ ಬಿತ್ತು, ನನ್ನ ಕೆಲಸ ಹೋಗುತ್ತದೆ, ಉಳಿದದ್ದು ವಾಪಸ್ ಕಳಿಸಿ" ಅಂತ ಅಳುತ್ತಾನೆ. ನಿಜಕ್ಕೂ ಒಂದು ಪೈಸೆ ಬಂದಿರುವುದಿಲ್ಲ. ಬ್ರೌಸರಿನಲ್ಲಿ ತೆರೆದ ಪುಟದ ಅಂಕಿಯನ್ನು ಆ ಕ್ಷಣಕ್ಕೆ ತಿದ್ದಬಹುದು. ಪುಟವನ್ನು ಮತ್ತೆ ಲೋಡ್ ಮಾಡಿದರೆ ಹಳೇ ಅಂಕಿ ಬರುತ್ತದೆ. ಇಲ್ಲವೇ ನಿನ್ನದೇ ಇನ್ನೊಂದು ಖಾತೆಯಿಂದ ಇದಕ್ಕೆ ಹಣ ಸರಿಸಿರುತ್ತಾನೆ. ನೀನು ಕಳಿಸುವುದು ಮಾತ್ರ ಅಸಲಿ ದುಡ್ಡು. ನಿನ್ನಂಥ ಮೆತ್ತನೆಯ ಮನಸ್ಸಿನವರು ಇದಕ್ಕೆ ಬೇಗ ಸಿಗುತ್ತಾರೆ, ಅದಕ್ಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಯಾರದೋ ಕೆಲಸ ಹೋಗುತ್ತದೆ ಅಂದರೆ ನಿನಗೆ ತಡೆಯುವುದಿಲ್ಲ.

ಇನ್ನು ಮುಂದೆ ಅಂಥ ಕಾಲ್ ಬಂದರೆ ಸುಮ್ನೆ ಕಟ್ ಮಾಡು. ವಾದ ಬೇಡ, "ನೀವು ನಿಜವಾಗಿ ಅಲ್ಲಿಯವರಾ" ಅಂತ ಕೇಳುವುದೂ ಬೇಡ. ಅದಕ್ಕೂ ಅವರ ಹತ್ತಿರ ಉತ್ತರ ತಯಾರಿರುತ್ತದೆ, ನೌಕರರ ನಂಬರು ಸಮೇತ. ಕಟ್ ಮಾಡಿ, ಐದು ನಿಮಿಷ ಬಿಟ್ಟು, ನಿನ್ನ ಫೋನಿನಲ್ಲಿ ಮೊದಲಿನಿಂದ ಇರುವ ಆ್ಯಪ್ ತೆರೆದು ನೀನೇ ಆರ್ಡರ್ ಪಟ್ಟಿ ನೋಡು. ಅಲ್ಲಿ ಇಲ್ಲದ ಆರ್ಡರಿಗೆ ನೀನು ಹೆದರಬೇಕಾಗಿಲ್ಲ. ಅಮೆಜಾನ್ ಖಾತೆಯೊಳಗೆ ಮೆಸೇಜ್ ಸೆಂಟರ್ ಅಂತ ಒಂದು ಜಾಗ ಇದೆ, ಅವರು ನಿಜವಾಗಿ ಕಳಿಸಿದ ಮೇಲ್‌ಗಳು ಅಲ್ಲೂ ಇರುತ್ತವೆ. ಕಸ್ಟಮರ್ ಕೇರ್ ಬೇಕಾದರೂ ಆ್ಯಪ್ ಒಳಗಿನಿಂದಲೇ ಹೋಗು. ಗೂಗಲ್‌ನಲ್ಲಿ ನಂಬರು ಹುಡುಕಬೇಡ. ಹುಡುಕುವವರು ಬರಲಿ ಅಂತಲೇ ಸುಳ್ಳು ನಂಬರುಗಳನ್ನು ಹಾಕಿ ಕಾಯುತ್ತಿರುತ್ತಾರೆ. ಅಲ್ಲಿ ನಾವೇ ಫೋನ್ ಮಾಡಿರುತ್ತೇವೆ, ಆದ್ದರಿಂದ ಅನುಮಾನವೂ ಬರುವುದಿಲ್ಲ.

ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರು ಓದಿ ಅಂದರೆ ಯೋಚನೆಯೇ ಬೇಡ. ಯಾವ ಅಂಗಡಿಯೂ ದಂಡವನ್ನೋ ಬಾಕಿಯನ್ನೋ ಗಿಫ್ಟ್ ಕಾರ್ಡಿನಲ್ಲಿ ವಸೂಲಿ ಮಾಡುವುದಿಲ್ಲ. ಮನೆಯಿಂದಲೇ ರಿವ್ಯೂ ಬರೆಯುವ ಕೆಲಸ, ಮೊದಲು ಸ್ವಲ್ಪ ದುಡ್ಡು ಕೊಟ್ಟು ಆಮೇಲೆ ಡೆಪಾಸಿಟ್ ಕೇಳುವುದು, ಅದೂ ಇದೇ ಸಂತತಿ. ನಿನ್ನ ಗೆಳತಿಯರಿಗೂ ಹೇಳು.

ಈಗ ಆಗಬೇಕಾದ್ದು. ಬ್ಯಾಂಕಿಗೆ ಹೇಳಿದ್ದೀಯ, ಕಾರ್ಡ್ ಬ್ಲಾಕ್ ಆಗಿದೆ, ಪೊಲೀಸರಿಗೆ ದೂರು ಹೋಗಿದೆ ಅಂತ ನಿನ್ನಮ್ಮ ಅಂದಳು. ಒಳ್ಳೆಯದು. ಆ ಆ್ಯಪ್ ತೆಗೆದಿದ್ದೀಯಾ? ಮೇಲ್‌ನ ಪಾಸ್‌ವರ್ಡ್ ಬದಲಿಸಿದೆಯಾ? ಜನ ಅಂಗಡಿಯ ಪಾಸ್‌ವರ್ಡ್ ಬದಲಿಸಿ ಮೇಲ್ ಮರೆಯುತ್ತಾರೆ. ಮೇಲ್ ಕೈಗೆ ಸಿಕ್ಕರೆ ಉಳಿದ ಎಲ್ಲ ಪಾಸ್‌ವರ್ಡೂ ಅವನು ಹೊಸದಾಗಿ ಮಾಡಿಕೊಳ್ಳಬಹುದು. ಬದಲಿಸುವುದನ್ನು ಬೇರೆ ಫೋನಿನಿಂದ ಮಾಡು, ಎಲ್ಲ ಕಡೆಯಿಂದ ಸೈನ್ ಔಟ್ ಅಂತ ಇರುವುದನ್ನೂ ಒತ್ತು. ಅವನ ಮೆಸೇಜುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೂ ಅಳಿಸಬೇಡ. ದೂರಿಗೆ ಬೇಕಾಗುತ್ತವೆ.

ಇದನ್ನು ಮಾತ್ರ ಮರೆಯಬೇಡ: ಇನ್ನು ಕೆಲವು ದಿನದಲ್ಲಿ ಯಾರೋ ಫೋನ್ ಮಾಡಬಹುದು. "ನೀವು ಕಳೆದುಕೊಂಡ ಹಣ ಪತ್ತೆಯಾಗಿದೆ, ಸ್ವಲ್ಪ ಫೀಸ್ ಕಟ್ಟಿದರೆ ವಾಪಸ್ ಬರುತ್ತದೆ" ಅನ್ನಬಹುದು. ಪೊಲೀಸ್ ಅನ್ನಬಹುದು, ವಕೀಲ ಅನ್ನಬಹುದು. ಒಮ್ಮೆ ಸಿಕ್ಕಿಬಿದ್ದವರ ಪಟ್ಟಿಯನ್ನು ಇವರು ಮಾರುತ್ತಾರೆ, ಕೊಳ್ಳುತ್ತಾರೆ. ಹೋದದ್ದು ಬಂದರೆ ಸಾಕು ಅಂತ ಮನಸ್ಸು ಒದ್ದಾಡುತ್ತಿರುವಾಗಲೇ ಆ ಕಾಲ್ ಬರುತ್ತದೆ. ಆಗ ಯಾವ ಗುಂಡಿಯನ್ನೂ ಒತ್ತುವ ಮೊದಲು ನನ್ನ ನಂಬರು ಒತ್ತು.

"ಇಷ್ಟು ಓದಿ ಹೀಗಾಯಿತಲ್ಲ ಅಂತ ಎಲ್ಲರೂ ನಗುತ್ತಾರೆ" ಅಂದೆಯಂತೆ. ಯಾರು ನಗುತ್ತಾರೆ? ನಿನ್ನ ಮನೆಯವರು ನಗುವುದಿಲ್ಲ. ಈ ಮೋಸದ ಕೆಲಸವನ್ನು ಆ ಕಳ್ಳರು ದಿನವಿಡೀ ಮಾಡುತ್ತಾರೆ, ಯಾವ ಮಾತಿಗೆ ಜನ ಹೆದರುತ್ತಾರೆ ಅಂತ ಸಾವಿರ ಸಲ ಅಭ್ಯಾಸ ಮಾಡಿರುತ್ತಾರೆ. ನಿನಗೆ ಅದು ಮೊದಲ ಸಲ, ಅದೂ ಕೆಲಸದ ಮಧ್ಯೆ ಬಂದ ಒಂದು ಕಾಲ್. ನಾಚಿಕೆ ಅವರದ್ದಾಗಬೇಕಿತ್ತು, ನೀನು ನಾಲ್ಕು ದಿನ ಹೊತ್ತುಕೊಂಡು ಓಡಾಡಿದೆ. ಬ್ಯಾಂಕಿಗೆ ಮೊದಲ ಗಂಟೆಯಲ್ಲೇ ತಿಳಿಸಿದ್ದರೆ ಹಣವನ್ನು ದಾರಿಯಲ್ಲಿ ತಡೆಯುವ ಅವಕಾಶ ಜಾಸ್ತಿ ಇರುತ್ತಿತ್ತು. ಇದನ್ನು ಚುಚ್ಚುವುದಕ್ಕೆ ಹೇಳುತ್ತಿಲ್ಲ. ಸುಮ್ಮನಿದ್ದಷ್ಟು ಹೊತ್ತೂ ನಾವು ಅವರ ಕಡೆ ಇದ್ದ ಹಾಗೆ ಆಗಿಬಿಡುತ್ತದೆ, ಅದು ನಿನಗೆ ಗೊತ್ತಿರಬೇಕು.

ಆ ಹಿರಿಯರನ್ನು ನಾನು ಎರಡನೇ ಸಲ ಕೇಳಬೇಕಿತ್ತು. "ಸುಸ್ತು ಅತ್ತೆ" ಅಂದಾಗ ನಿನ್ನನ್ನೂ ಎರಡನೇ ಸಲ ಕೇಳಬೇಕಿತ್ತು. ಇನ್ನು ಮುಂದೆ ಕೇಳುತ್ತೇನೆ, ನಿನಗೆ ಕಿರಿಕಿರಿಯಾದರೂ ಕೇಳುತ್ತೇನೆ. ಭಾನುವಾರ ಬರುತ್ತಿದ್ದೇನೆ. ನಿನ್ನ ಫೋನ್ ಚಾರ್ಜ್ ಮಾಡಿಟ್ಟಿರು, ಇಬ್ಬರೂ ಕೂತು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ. ಅಲ್ಲಿಯವರೆಗೆ ಏನಾದರೂ ಅನುಮಾನ ಬಂದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಫೋನ್ ಮಾಡು. ಮಲಗುವಾಗ ಫೋನ್ ಸೈಲೆಂಟ್ ಮಾಡುವುದನ್ನು ಮೊನ್ನೆಯಿಂದ ಬಿಟ್ಟಿದ್ದೇನೆ.

ನಿನ್ನ
ಅತ್ತೆ