ಒಂದು ಹನಿಯೂ ನೆಲಕ್ಕೆ ಬೀಳಬಾರದು

ಪ್ರಿಯ ಓದುಗರೇ,

ಕಾಸರಗೋಡಿನ ಬದಿಯಡ್ಕದ ಸಮೀಪ ಅಡಿಕೆ ತೋಟದ ನಡುವೆ ಬದುಕುತ್ತಿರುವ ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಖಚಿತವಾದಂದಿನಿಂದ ಇಂದಿನವರೆಗೆ ನಾನು ಫೋನಿನಲ್ಲಿ ಕೇಳಿದ್ದನ್ನೂ, ರಜೆ ಹಾಕಿ ಊರಿಗೆ ಹೋಗಿದ್ದ ಮೂರು ವಾರಗಳಲ್ಲಿ ಕಣ್ಣಾರೆ ಕಂಡದ್ದನ್ನೂ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಊರಿನಿಂದ ದೂರವಿರುವ ನಮ್ಮ ಸಂಘದ ಹಲವು ಮನೆಗಳಿಗೆ ಊರಿನಿಂದ ಇಂಥದೇ ಸುದ್ದಿ ಬಂದಿದೆ, ಏನು ಮಾತಾಡುವುದೆಂದು ತೋಚದೆ ಫೋನು ಹಿಡಿದು ಕುಳಿತವರು ನಮ್ಮಲ್ಲಿ ಅನೇಕರಿದ್ದಾರೆ.

ಯಕ್ಷಗಾನದ ಕವಿ ಪಾರ್ತಿಸುಬ್ಬ ಬಾಳಿದ ಕುಂಬಳೆ ಸೀಮೆಯಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ, ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವದು. ಚಿಕ್ಕಪ್ಪ ಅದರಲ್ಲಿ ಪಾತ್ರವಾಗಿ ಮಾತಾಡುವ ಹವ್ಯಾಸಿ ಅರ್ಥಧಾರಿ, ಚಿಕ್ಕಮ್ಮ ಅವರ ಅರ್ಥವನ್ನು ಮನೆಯಲ್ಲಿ ಖಂಡಿಸುವ ಎದುರಾಳಿ. ಮದುವೆಯಾದಾಗಿನಿಂದ ಅವರ ಸಂಸಾರದ ಮಾತೆಲ್ಲ ಹೀಗೆಯೇ ನಡೆದು ಬಂದಿದೆ, ಕಾಯಿಲೆ ಬಂದಾಗಲೂ ಅವರು ಆ ಮಾತನ್ನು ಬಿಡಲಿಲ್ಲ.

ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ 21 ದಿನಗಳಿಗೊಮ್ಮೆ ಕಿಮೊಥೆರಪಿ ಎಂದು ನಿರ್ಧಾರವಾಯಿತು. ಕಾಸರಗೋಡಿನ ಹೆಚ್ಚಿನವರಂತೆ ಅವರೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕಿತ್ತು. (2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಆ ಗಡಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.) ಮೊದಲ ದಿನ ನರ್ಸ್ ತಂದ ಔಷಧಿ ಕುಂಕುಮದ ನೀರಿನಂತೆ ಕೆಂಪಗಿತ್ತು. ಅದು ಡಾಕ್ಸೊರುಬಿಸಿನ್, ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುವಂಥದು. ಆದ್ದರಿಂದ ಕೈ ಅಲ್ಲಾಡಿಸಬಾರದು, ಉರಿಯೆನಿಸಿದರೆ ಕೂಡಲೇ ಹೇಳಬೇಕು ಎಂದು ನರ್ಸ್ ಎಚ್ಚರಿಸಿದಾಗ ಚಿಕ್ಕಮ್ಮ ಗಂಡನತ್ತ ತಿರುಗಿ, "ಕೇಳಿದಿರಾ? ಒಳಗಿರುವವನು ರಕ್ತಬೀಜಾಸುರ. ಒಂದು ಹನಿಯೂ ನೆಲಕ್ಕೆ ಬೀಳಬಾರದು, ನಾಲಿಗೆ ಚಾಚಿ ಸಿದ್ಧರಾಗಿ" ಎಂದರಂತೆ. (ರಕ್ತಬೀಜನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ಅಸುರ ಹುಟ್ಟುತ್ತಿದ್ದ, ಅದಕ್ಕೇ ಕಾಳಿ ನಾಲಿಗೆ ಚಾಚಿ ಅದನ್ನು ಹೀರಿದಳೆಂದು ಕಥೆ.) ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಚಿಕ್ಕಪ್ಪ ಅಲ್ಲಿಯೇ ಗಟ್ಟಿಯಾಗಿ ನಕ್ಕುಬಿಟ್ಟರಂತೆ.

ಹದಿನೇಳನೆಯ ದಿನ ತಲೆಗೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು, ಆಗ ನಾನು ಅಲ್ಲಿಯೇ ಇದ್ದೆ. ಚಾವಡಿಯಲ್ಲಿ ಅವರನ್ನು ಮಣೆಯ ಮೇಲೆ ಕೂರಿಸಿ, ಉಳಿದ ಕೂದಲನ್ನು ಚಿಕ್ಕಪ್ಪ ತಮ್ಮ ಕೈಯಾರೆ ಮೆಷಿನ್ನಿನಲ್ಲಿ ತೆಗೆದರು. ತೆಗೆಯುವಷ್ಟು ಹೊತ್ತೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯೊಂದನ್ನು ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ವೇಷಧಾರಿಗಳಿಗೆ ಕಟ್ಟುವ ಹಾಗೆ ಸುತ್ತಿ, ಕನ್ನಡಿ ಹಿಡಿದು, "ಮುಂಡಾಸು ಬಿಗಿಯಾಯಿತೇ?" ಎಂದು ಕೇಳಿದರು. ಚಿಕ್ಕಮ್ಮ ಬಹಳ ಹೊತ್ತು ತಮ್ಮನ್ನು ತಾವೇ ನೋಡಿಕೊಂಡು, "ಇಷ್ಟು ವರ್ಷ ಸ್ತ್ರೀವೇಷವಾಯಿತು, ಇನ್ನು ನನ್ನದು ರಾಜವೇಷ. ರಾಜರು ಅಡುಗೆಮನೆಗೆ ಹೋಗುವ ಕ್ರಮವಿಲ್ಲ" ಎಂದರು. ಅಂದಿನಿಂದ ಗಂಜಿ, ತಂಬುಳಿ, ಪುನರ್ಪುಳಿ ಸಾರು ಎಲ್ಲವೂ ಚಿಕ್ಕಪ್ಪನ ಕೈಯದೇ.

ಆದರೆ ನಗೆಗೆ ಎಡೆಯಿಲ್ಲದ ದಿನಗಳೂ ಇದ್ದವು. ಕಂಕುಳಿನ ಗ್ರಂಥಿಗಳಿಗೂ ರೋಗ ಹರಡಿದೆಯೆಂಬ ವರದಿ ಬಂದ ಸಂಜೆ ಚಿಕ್ಕಪ್ಪ ಏನೋ ತಮಾಷೆ ಮಾಡಹೊರಟಾಗ "ಇವತ್ತು ಬೇಡ" ಎಂದಷ್ಟೇ ಚಿಕ್ಕಮ್ಮ ಹೇಳಿದರು. ಚಿಕ್ಕಪ್ಪ ಸುಮ್ಮನೆ ಪಕ್ಕದಲ್ಲಿ ಕುಳಿತರು. ಎರಡನೆಯ ಕಿಮೊ ಆದ ಹತ್ತನೆಯ ರಾತ್ರಿ ಜ್ವರ 101 ಡಿಗ್ರಿ ತೋರಿಸಿತು. ಔಷಧಿ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ, ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕ್ಯಾಲೆಂಡರಿನಲ್ಲಿ ಆ ದಿನಗಳನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಟ್ಟಿದ್ದ ಚಿಕ್ಕಪ್ಪ ಒಂದು ಮಾತೂ ಆಡದೆ ಕಾರು ತೆಗೆದರು. ನಗುವುದರಿಂದ ಕ್ಯಾನ್ಸರ್ ಗುಣವಾಗುತ್ತದೆಂದು ಅವರಿಬ್ಬರೂ ನಂಬಿದವರಲ್ಲ, ದಯವಿಟ್ಟು ನಾವೂ ಯಾರಿಗೂ ಹಾಗೆ ಹೇಳದಿರೋಣ. ಗುಣಪಡಿಸುವುದು ಔಷಧಿಯ ಕೆಲಸ. ಅದನ್ನು ತಾಳಿಕೊಂಡಿದ್ದ ಆರೇಳು ತಿಂಗಳಲ್ಲಿ ಅವರನ್ನು ಗಂಡಹೆಂಡಿರಾಗಿಯೇ ಉಳಿಸಿದ್ದು, ಕೇವಲ ರೋಗಿ ಮತ್ತು ಶುಶ್ರೂಷಕರಾಗಲು ಬಿಡದಿದ್ದುದು, ಆ ನಗೆ.

ದೂರದಲ್ಲಿರುವ ನಮ್ಮ ವಿಷಯವನ್ನೂ ಹೇಳಬೇಕು. ನೋಡಲು ಬಂದವರು ಎಷ್ಟನೆಯ ಸ್ಟೇಜ್ ಎಂದು ಕೇಳಿ ಕಣ್ಣೀರು ಹಾಕಿದಾಗ ಅವರನ್ನು ಸಮಾಧಾನಪಡಿಸುವ ಕೆಲಸವೂ ಚಿಕ್ಕಮ್ಮನದೇ ಆಗುತ್ತಿತ್ತು. "ಧೈರ್ಯವಾಗಿರಿ" ಎನ್ನುವ ಮಾತು ಕೂಡ, ಹೆದರುವ ಹಕ್ಕನ್ನೇ ಕಿತ್ತುಕೊಂಡ ಹಾಗೆ ಅವರಿಗೆ ಅನಿಸುತ್ತಿತ್ತಂತೆ. ಅವರು ನಗೆಮಾತು ಎತ್ತಿದರೆ ಜೊತೆಗೂಡಿ ನಗೋಣ, ಎತ್ತದಿದ್ದರೆ ತೋಟದಲ್ಲಿ ಮಳೆ ಹೇಗಿದೆ, ಈ ಸಲ ಅಡಿಕೆಗೆ ಕೊಳೆರೋಗ ಬಂದಿದೆಯೇ ಎಂದು ಕೇಳೋಣ. ಚಿಕ್ಕಮ್ಮ ಇಂಥ ಪ್ರಶ್ನೆಗಳಿಗೆ ಉತ್ಸಾಹದಿಂದ ಅರ್ಧ ಗಂಟೆ ಉತ್ತರ ಕೊಟ್ಟದ್ದುಂಟು.

ಈಗ ಅವರ ಕೂದಲು ಮತ್ತೆ ಬಂದಿದೆ, ಮೊದಲಿಲ್ಲದ ಗುಂಗುರು ಬೇರೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕಿಮೊ ಔಷಧಿ ಕೊಟ್ಟ ಮೇಲೆ ಬೆರಳ ತುದಿ ಜೋಮು ಹಿಡಿದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲವಾದ್ದರಿಂದ ಮಲ್ಲಿಗೆ ಕಟ್ಟುವಾಗ ಮೊಗ್ಗುಗಳು ಜಾರಿ ಬೀಳುತ್ತವೆ, ಚಿಕ್ಕಪ್ಪ ಹೆಕ್ಕಿ ಕೊಡುತ್ತಾರೆ. ಪ್ರತಿ ತಪಾಸಣೆಯ ಹಿಂದಿನ ದಿನ ಇಬ್ಬರಿಗೂ ಊಟ ಸೇರುವುದಿಲ್ಲ. ಹಾರ್ಮೋನ್ ಚಿಕಿತ್ಸೆಯ ಮಾತ್ರೆಯನ್ನು ಕನಿಷ್ಠ ಐದು ವರ್ಷ ತೆಗೆದುಕೊಳ್ಳಬೇಕಾಗಿದೆ. ಕಳೆದ ವಾರ ಫೋನು ಮಾಡಿದಾಗ ಚಿಕ್ಕಮ್ಮ ರಾತ್ರಿಯ ಮಾತ್ರೆ ನುಂಗುತ್ತಿದ್ದರು. "ಭಾಗವತರೇ, ಮಂಗಳ ಹಾಡೋಣವೇ?" ಎಂದು ಚಿಕ್ಕಪ್ಪ ಕೇಳಿದ್ದೂ, "ಐದು ವರ್ಷದ ಪ್ರಸಂಗ ಈಗಷ್ಟೇ ಶುರುವಾಗಿದೆ, ಕುಳಿತುಕೊಳ್ಳಿ" ಎಂದು ಚಿಕ್ಕಮ್ಮ ಗದರಿದ್ದೂ ನನಗೆ ಕೇಳಿಸಿತು.