ಅಕ್ಷರ ಬರುತ್ತದೆ, ಕೂಡಿಸಿ ಓದಲು ಬರುವುದಿಲ್ಲ

ಮಾನ್ಯ ಸಂಪಾದಕರೇ,

ಎಲ್‌ಕೆಜಿ ಮಕ್ಕಳಿಂದ ದಿನಕ್ಕೆರಡು ಪುಟ ಕಾಪಿ ಬರೆಸುವ ಚಾಳಿ ಈಗ ನಮ್ಮ ಕಡೆಯ ಹಳ್ಳಿಗಳಿಗೂ ಬಂದಿದೆ. ಪುಸ್ತಕ ತುಂಬಿದ್ದರೆ ಅಪ್ಪ ಅಮ್ಮನಿಗೂ ಸಮಾಧಾನ. ಅದೇ ಮಗುವಿನ ಮುಂದೆ ‘ಗರಗಸ’ ಎಂದು ಬರೆದಿಡಿ. ಗ, ರ, ಗ, ಸ ಎಂದು ಬಿಡಿಬಿಡಿಯಾಗಿ ಹೇಳಿ ನಿಮ್ಮ ಮುಖ ನೋಡುತ್ತದೆ.

ಇಂಗ್ಲಿಷ್‌ನಲ್ಲಿ ಸಿ-ಎ-ಟಿ ಎಂದು ಎಷ್ಟು ಬೇಗ ಹೇಳಿದರೂ ಕ್ಯಾಟ್ ಆಗದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಇಷ್ಟು ಅನುಕೂಲ ಇಟ್ಟುಕೊಂಡೂ ಮಕ್ಕಳನ್ನು ಓದಿಗೆ ಹತ್ತಿಸಲು ಆಗುತ್ತಿಲ್ಲವೆಂದರೆ ತಪ್ಪು ಮಕ್ಕಳದ್ದಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ, ಅಂದರೆ ಆಟವಾಡುತ್ತಾ ಕಲಿಯುವ, ತರಗತಿ ನಡೆಸಿ ನಿವೃತ್ತಳಾದವಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಅ ಆ ಇ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಮೊದಲು ಕಲಿಸುತ್ತಿದ್ದೆವು. ಈ ಐದರಲ್ಲೇ ಸರ, ದರ, ಅರಸ, ಅಗಸ ಎಲ್ಲ ಸಿಗುತ್ತವೆ. ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಒಂದೊಂದು ಅಕ್ಷರ ಬರೆದು ನೆಲದ ಮೇಲೆ ಗೇಣು ಅಂತರದಲ್ಲಿ ಇಡುತ್ತಿದ್ದೆ. ಮೊದಲ ಮುಚ್ಚಳ ಜಾರಿಸುತ್ತಾ ‘ಸ...’ ಎಂದು ಎಳೆಯಬೇಕು, ಅದು ಪಕ್ಕದ್ದಕ್ಕೆ ಟಕ್ಕೆಂದು ತಾಗಿದಾಗ ದನಿ ನಿಲ್ಲಿಸದೆ ‘ರ’ ಅನ್ನಬೇಕು. ಅಂತರ ಕಡಿಮೆ ಮಾಡುತ್ತಾ ಹೋದರೆ ಪದ ತಾನೇ ಬಾಯಿಗೆ ಬರುತ್ತದೆ.

ಕಾಗುಣಿತಕ್ಕೆ ಹಳೆಯ ಬಳೆಯ ಚೂರು. (ಪ್ಲಾಸ್ಟಿಕ್ಕಿನದು. ಗಾಜಿನದಾದರೆ ಕೈ ಕುಯ್ದೀತು.) ‘ಕರಿ’ ಎಂದು ಬರೆದು, ಕ ಪಕ್ಕ ಕೊಂಬಿನಂತೆ ಚೂರು ಇಟ್ಟರೆ ‘ಕುರಿ’! ಆಮೇಲೆ ‘ಕರಿ ಕುರಿ, ಕರಿ ಕುರಿ’ ಎಂದು ತರಗತಿಯೆಲ್ಲ ಗಲಾಟೆ.

ನಿಜವಾದ ತೊಡಕು ಅರ್ಕಾವತ್ತು. ‘ಕರ್ಣ’ದಲ್ಲಿ ರ್ ಕಿವಿಗೆ ಣಕ್ಕಿಂತ ಮೊದಲು ಕೇಳುತ್ತದೆ, ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ. ಮಕ್ಕಳು ‘ಕಣರ’ ಎಂದು ಓದುವುದು ದಡ್ಡತನದಿಂದಲ್ಲ, ಕಂಡದ್ದನ್ನೇ ಓದುತ್ತವೆ. ಮೂವರ ಕೈಗೆ ಕ, ರ್, ಣ ಚೀಟಿ ಕೊಟ್ಟು, ಸದ್ದು ಬರುವ ಕ್ರಮದಲ್ಲಿ ನಿಲ್ಲಿಸಿ ಮೊದಲು ಓದಿಸುತ್ತಿದ್ದೆ. ಬಳಿಕ ರ್ ಹಿಡಿದ ಮಗು ಸರಿದುಬಂದು ಣ ಆಚೆ ಕುಕ್ಕರಗಾಲಲ್ಲಿ ಕೂರಬೇಕು. ಆ ಕೂತವನನ್ನು ನೋಡಿದವರು ಅರ್ಕಾವತ್ತು ಮರೆಯುತ್ತಿರಲಿಲ್ಲ.

ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ತಿಳಿದು ಓದಬೇಕು ಎಂಬುದು ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯ ಗುರಿ. ಅದಕ್ಕಾಗಿ ಹೊಸ ಕಿಟ್ ಖರೀದಿಸುವ ಮುನ್ನ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವುದನ್ನು ಸ್ವಲ್ಪ ಕಡಿಮೆ ಮಾಡಿ, ಶಿಕ್ಷಕರು ತಾವು ಮಾಡಿಕೊಂಡ ಆಟಗಳನ್ನು ಆಡಿ ತೋರಿಸಲು ಬಿಡಲಿ. ಶಾಲೆಗೆ ಭೇಟಿ ಕೊಡುವ ಅಧಿಕಾರಿಗಳು ಕಾಪಿ ಪುಸ್ತಕ ಕೇಳುವ ಬದಲು, ಪಾಠದಲ್ಲಿಲ್ಲದ ಒಂದು ಪದವನ್ನು ಮಗುವಿನಿಂದ ಓದಿಸಿ ನೋಡಲಿ.

– ನಿವೃತ್ತ ಶಿಕ್ಷಕಿ, ಅರಸೀಕೆರೆ ತಾಲ್ಲೂಕು