ಹಾಡಿಯಲ್ಲಿ ಓದಿದವರಿದ್ದೇವೆ, ಕೆಲಸವನ್ನೂ ಹಾಡಿಯಲ್ಲೇ ಕೊಡಿ: ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಜೇನುಕುರುಬರ ಹುಡುಗಿ. ಊರು ಹುಣಸೂರು ತಾಲ್ಲೂಕಿನ ಒಂದು ಹಾಡಿ, ಅಂದರೆ ಆದಿವಾಸಿಗಳ ಪುಟ್ಟ ಊರು. ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಅಜ್ಜ, ಅಜ್ಜಿ ನಾಗರಹೊಳೆ ಕಾಡಿನೊಳಗೆ ಬಾಳಿದವರು. ನಾನು ಹುಟ್ಟಿದ್ದು ಕಾಡಿನ ಹೊರಗೆ.

ಪತ್ರ ಪೂರ್ತಿ ಓದಲು ನಿಮಗೆ ಪುರುಸೊತ್ತು ಸಿಗದೇ ಹೋಗಬಹುದು. ಅದಕ್ಕೇ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹಾಡಿಗಳಿಗೆ ಸಮಾಜ ಕಾರ್ಯಕರ್ತರ ಕಾಯಂ ಹುದ್ದೆ ಬೇಕು. ಆ ಹುದ್ದೆಗಳಿಗೆ ಹಾಡಿಗಳಲ್ಲೇ ಹುಟ್ಟಿ ಓದಿದವರನ್ನು ತೆಗೆದುಕೊಳ್ಳಿ.

ನಾನು ಈ ಓದಿಗೆ ಬಂದದ್ದು ಒಂದು ಅರ್ಜಿಯಿಂದ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಕಾಡಿನಲ್ಲಿ ಬಾಳಿದವರಿಗೆ ಅಲ್ಲಿನ ಜಮೀನು, ಕಾಡಿನ ಮೇಲೆ ಹಕ್ಕು ಕೊಡುವ ಕಾಯ್ದೆ ಇದೆ. ಆ ಅರಣ್ಯ ಹಕ್ಕಿನ ಅರ್ಜಿ ತುಂಬಲು ಯಾರಾದರೂ ಬೇಕಿತ್ತು. ಅಕ್ಷರ ಚೆನ್ನಾಗಿದೆ ಅಂತ ಹಿರಿಯರು ನನ್ನನ್ನು ಕೂರಿಸಿದರು. ನಮೂನೆ ‘ಎ’ ಒಂದೊಂದು ಕುಟುಂಬದ್ದು, ‘ಬಿ’ ಸಮುದಾಯದ ಹಕ್ಕಿಗೆ, ‘ಸಿ’ ಇಡೀ ಸಮುದಾಯ ಕಾಪಾಡಿಕೊಂಡು ಬಂದ ಕಾಡಿಗೆ. ಹೆಸರು, ವಿಳಾಸ ಎಲ್ಲ ಸಲೀಸಾಗಿ ಮುಗಿಯಿತು. ಸಾಕ್ಷಿ ಅನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಪರಿಶೀಲನೆಗೆ ಬಂದ ಅಧಿಕಾರಿ ಹಳೆಯ ರೇಷನ್ ಕಾರ್ಡ್ ತೋರಿಸಿ ಅಂದರು. ಕಾಡಿನಿಂದ ಹೊರಗೆ ಹಾಕಿಸಿಕೊಂಡವರ ಹತ್ತಿರ ಹಳೆಯ ರೇಷನ್ ಕಾರ್ಡ್ ಎಲ್ಲಿರುತ್ತದೆ?

ಅಲ್ಲಿ ಒಬ್ಬ ಅಜ್ಜಿ ಇದ್ದರು. ದೇವರ ಜಾಗ ಎಲ್ಲಿತ್ತು, ಸತ್ತವರನ್ನು ಎಲ್ಲಿ ಮಣ್ಣು ಮಾಡಿದ್ದು, ಯಾವ ಮರಕ್ಕೆ ವರ್ಷಾ ವರ್ಷಾ ಹೆಜ್ಜೇನು ಕಟ್ಟುತ್ತಿತ್ತು, ಗೆಣಸು ಅಗೆಯಲು ಯಾವ ಕಡೆ ಹೋಗುತ್ತಿದ್ದರು, ಒಂದೊಂದಾಗಿ ಹೇಳುತ್ತಾ ಹೋದರು. ಅವರು ನಮ್ಮ ನುಡಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಂಡೆ. ಇದೆಲ್ಲ ಕಥೆ, ದಾಖಲೆ ಅಲ್ಲ ಅಂತ ಹೇಳಿ ಆ ಅಧಿಕಾರಿ ಎದ್ದು ಹೋದರು.

ಆಮೇಲೆ ನಿಯಮದ ಪುಸ್ತಕ ಸಿಕ್ಕಿತು. ಅರಣ್ಯ ಹಕ್ಕು ನಿಯಮ 13ರಲ್ಲಿ ಎಲ್ಲ ಇದೆ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದು ಸಾಕ್ಷಿ. ಸ್ಮಶಾನ ಸಾಕ್ಷಿ. ದೇವರ ಜಾಗ ಸಾಕ್ಷಿ. ಇಂಥದ್ದೇ ಕಾಗದ ಬೇಕು ಅಂತ ಹಠ ಹಿಡಿಯಬಾರದು ಅಂತ 2012ರ ತಿದ್ದುಪಡಿ ಹೇಳುತ್ತದೆ. ಕಾಯ್ದೆ 2006ರದ್ದು, ನಿಯಮ 2008ರದ್ದು. ಇಷ್ಟು ವರ್ಷ ಆದಮೇಲೂ ಆ ಅಧಿಕಾರಿಗೆ ಅದು ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ಸಂಬಳ ನಿಲ್ಲುವುದಿಲ್ಲ, ನಮಗೆ ಗೊತ್ತಿಲ್ಲದಿದ್ದರೆ ಜಮೀನು ಹೋಗುತ್ತದೆ. ಸಮಾಜ ಕಾರ್ಯ ಓದಬೇಕು ಅಂತ ತೀರ್ಮಾನ ಮಾಡಿದ್ದು ಆಗ.

ಓದಿನ ಕಷ್ಟ ಜಾಸ್ತಿ ಹೇಳುವುದಿಲ್ಲ. ಆಶ್ರಮ ಶಾಲೆ, ಆಮೇಲೆ ಹಾಸ್ಟೆಲ್. ಡಿಸೆಂಬರ್ ಬಂತೆಂದರೆ ಅಪ್ಪ, ಅಮ್ಮ ಕಾಫಿ ಕೊಯ್ಲಿಗೆ ಕೊಡಗಿನ ಲೈನ್ ಮನೆಗೆ (ತೋಟದ ಕೂಲಿಗಳ ಸಾಲುಮನೆ) ಹೋಗುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಕೊಯ್ಲು ಮುಗಿದು ವಾಪಸ್ ಬಂದಾಗ ಪರೀಕ್ಷೆ ಎದುರಿಗಿರುತ್ತದೆ. ನನ್ನ ಜೊತೆಯವರು ಹೆಚ್ಚಿನವರು ಹಾಗೇ ಶಾಲೆ ಬಿಟ್ಟರು. ಸ್ಕಾಲರ್‌ಶಿಪ್ ಕಥೆ ನಿಮಗೇ ಗೊತ್ತು. ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ, ಅದಕ್ಕೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಕೊನೆಗೆ ಒಂದು ಓಟಿಪಿ. ಆ ಓಟಿಪಿ ಬರುವುದು ಅಪ್ಪನ ಫೋನಿಗೆ. ಅಪ್ಪ ಇರುವುದು ನೆಟ್‌ವರ್ಕ್ ಇಲ್ಲದ ತೋಟದಲ್ಲಿ.

ಎಂಎಸ್‌ಡಬ್ಲ್ಯೂ ಕ್ಲಾಸಿನಲ್ಲಿ ‘ಸಮುದಾಯ ಸಂಘಟನೆ’ ಅಂತ ಒಂದು ಪೇಪರ್ ಇದೆ. ಅದನ್ನು ಓದುವಾಗ ನನಗೆ ಮೂರ್ಕಲ್ ನೆನಪಾಗುತ್ತಿತ್ತು. ನಾಗರಹೊಳೆಯೊಳಗೆ ಒಂದು ದೊಡ್ಡ ಹೋಟೆಲ್ ಕಂಪನಿಯ ರೆಸಾರ್ಟ್ ಬರುವುದಿತ್ತು. ನಮ್ಮವರು ಎದ್ದು ನಿಂತರು. 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಆ ಹೋರಾಟಕ್ಕೆ ಇಳಿದವರಲ್ಲಿ ಎಷ್ಟೋ ಜನರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಅವರಿಗೆ ಯಾರೂ ಫೀಲ್ಡ್ ವರ್ಕ್ ಮಾರ್ಕ್ಸ್ ಕೊಡಲಿಲ್ಲ ಬಿಡಿ.

ಬಿಳಿಗಿರಿರಂಗನ ಬೆಟ್ಟ ನೋಡಿ. 2011ರ ಜನವರಿಯಲ್ಲಿ ಅದು ಹುಲಿ ಮೀಸಲು ಪ್ರದೇಶ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಆದಿವಾಸಿಗಳಾದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅಲ್ಲಿ ಸೋಲಿಗರ ಸಂಘ ಗಟ್ಟಿಯಾಗಿತ್ತು. ಡಾ. ಸಿ. ಮಾದೇಗೌಡರಂಥ ಓದಿದ ಸೋಲಿಗರು ತಮ್ಮವರ ಪರವಾಗಿ ತಾವೇ ಮಾತಾಡಿದರು. ಕರಾವಳಿಯ ಕೊರಗ ಬುಡಕಟ್ಟಿನಿಂದ ಬಂದ ಸಬಿತಾ ಗುಂಡ್ಮಿ ಅವರು ಇವತ್ತು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ. ನಮ್ಮಲ್ಲೂ ಓದಿದವರಿದ್ದಾರೆ. ಅವರಿಗೆ ಹುದ್ದೆ ಇಲ್ಲ ಅಷ್ಟೇ.

ಈಗ ಹಾಡಿಗೆ ಬರುವವರು ಯಾರು? ಯೋಜನೆ ಇರುವಷ್ಟು ದಿನ ಗುತ್ತಿಗೆ ಮೇಲೆ ಬರುವವರು. ಸರ್ವೆ ಮಾಡುತ್ತಾರೆ, ಫೋಟೊ ತೆಗೆಯುತ್ತಾರೆ, ಯೋಜನೆ ಮುಗಿದರೆ ಅವರೂ ಹೋಗುತ್ತಾರೆ. ಅವರ ತಪ್ಪಲ್ಲ, ಅವರದೂ ಹೊಟ್ಟೆಪಾಡು. 2023ರ ನವೆಂಬರ್‌ನಲ್ಲಿ ತೀರಾ ಹಿಂದುಳಿದ ಬುಡಕಟ್ಟುಗಳಿಗಾಗಿ ಕೇಂದ್ರದ ಪಿಎಂ ಜನ್‌ಮನ್ ಯೋಜನೆ ಶುರುವಾಯಿತು. ರಾಜ್ಯದಲ್ಲಿ ಅದು ಜೇನುಕುರುಬರಿಗೆ, ಕೊರಗರಿಗೆ. ಮನೆ, ರಸ್ತೆ, ಸಂಚಾರಿ ಆಸ್ಪತ್ರೆ ಎಲ್ಲ ಇದೆ. ಆದರೆ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದಾಗ ಅದೇನು ಅಂತ ಅಮ್ಮಂದಿರಿಗೆ ಅವರ ನುಡಿಯಲ್ಲಿ ಯಾರು ಹೇಳಬೇಕು? ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆದರೆ ಮೇಲ್ಮನವಿಗೆ 60 ದಿನ ಇರುತ್ತದೆ. ಆ ಪತ್ರ ಗೂಡಿನಲ್ಲಿ ಮಡಚಿಟ್ಟಲ್ಲೇ 60 ದಿನ ಕಳೆದುಹೋಗುತ್ತದೆ. ಅದನ್ನು ಓದಿ ಹೇಳಿ, ಮರುದಿನವೇ ಉಪವಿಭಾಗ ಕಚೇರಿಗೆ ಜೊತೆಯಲ್ಲಿ ಹೋಗುವವರು ಬೇಕು. ನಾನು ಕೇಳುತ್ತಿರುವ ಹುದ್ದೆ ಇದು.

ಇನ್ನೊಂದು ಮಾತು ಹೇಳಲೇಬೇಕು. ಪರಿಶಿಷ್ಟ ಪಂಗಡದ ಮೀಸಲಾತಿ 2022ರಲ್ಲಿ ಶೇ 3ರಿಂದ ಶೇ 7ಕ್ಕೆ ಏರಿತು. ಸಂತೋಷ. ಆದರೆ 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕಿಂತ ಜಾಸ್ತಿ. ನಾವು ಜೇನುಕುರುಬರು ಸುಮಾರು 36 ಸಾವಿರ, ಕೊರಗರು 15 ಸಾವಿರದ ಒಳಗೆ. ಎಲ್ಲರೂ ಒಂದೇ ಪಟ್ಟಿಯಲ್ಲಿ ನಿಂತರೆ ನಮ್ಮ ಪಾಳಿ ಬರುವುದೇ ಇಲ್ಲ. ಪರಿಶಿಷ್ಟ ಜಾತಿಗಳ ಒಳಗೆ ವರ್ಗೀಕರಣ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿದೆ. ಆ ಒಳಮೀಸಲಾತಿ ಬಗ್ಗೆ ನಿಮ್ಮ ಸಂಪುಟ 2025ರಲ್ಲಿ ತೀರ್ಮಾನ ಮಾಡಿತು. ನಮ್ಮ ಕಡತವನ್ನು ಯಾವಾಗ ತೆರೆಯುತ್ತೀರಿ?

ಹಣ ಇಲ್ಲ ಅನ್ನಬೇಡಿ. ಮೊದಲು ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮಾಡಿ ನೋಡಿ. ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳ ಬಗ್ಗೆ ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸಾದಿ ಸಮಿತಿ 2014ರಲ್ಲೇ ವರದಿ ಕೊಟ್ಟಿದೆ. ಆ ವರದಿ ಜಾರಿ ಮಾಡಲು ಮನೆಮನೆಗೆ ಹೋಗುವ ಜನ ಹೇಗೂ ಬೇಕಲ್ವಾ?

ಹುದ್ದೆಯ ಆದೇಶ ತಯಾರಾಗುವ ಮುಂಚೆ ಒಮ್ಮೆ ನಮ್ಮ ಗ್ರಾಮಸಭೆಗೆ ಬನ್ನಿ. ಬರುವ ದಿನ ಮೊದಲೇ ತಿಳಿಸಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಬೇಡ, ಆಗ ಅರ್ಧ ಹಾಡಿ ಕೊಡಗಿನ ತೋಟಗಳಲ್ಲಿರುತ್ತದೆ.

ಇಂತಿ,
ಹುಣಸೂರು ತಾಲ್ಲೂಕಿನ ಒಬ್ಬ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ